ಹಾಳೆಗಂಟಿದ ಜೇಕು

ದನ ತಿನ್ನುವುದು ಹುಲ್ಲು, ದನ ಮೂಸಿ ಬಿಡುವುದು ಕಳೆ. ಹಳ್ಳಿಯಿಂದ ಕಾಲೇಜಿಗೆ ಬರುವಾಗ ನಾನು ಕಟ್ಟಿಕೊಂಡು ಬಂದ ಸಸ್ಯಶಾಸ್ತ್ರವೆಲ್ಲ ಇಷ್ಟೇ. ಗದ್ದೆಯ ಬದುವಿನಲ್ಲೂ ಕೆರೆಯ ಅಂಚಿನಲ್ಲೂ ಬೆಳೆಯುವ ಜೇಕನ್ನು ನಮ್ಮ ಅಜ್ಜಿ ಕಳೆಯ ಸಾಲಿಗೇ ಸೇರಿಸಿದ್ದಳು. ಅದರ ನಂಟಿನ ಕೊನ್ನಾರಿ ಗಡ್ಡೆಯನ್ನು ಎಷ್ಟು ಕಿತ್ತರೂ ಮತ್ತೆ ತಲೆಯೆತ್ತುತ್ತದೆಂದು ಆಕೆ ಬೈಯದ ದಿನವಿರಲಿಲ್ಲ. ಅಂಥ ಜೇಕಿನ ಕುಟುಂಬಕ್ಕೆ ಸೇರಿದ ಒಂದು ಗಿಡಕ್ಕೆ ಅಮೆರಿಕದ ಸರ್ಕಾರ 1985ರಲ್ಲಿ ಕಾನೂನಿನ ರಕ್ಷಣೆ ಕೊಟ್ಟಿತೆಂದು ಓದಿದಾಗ ಮೊದಲು ನನಗೆ ಬಂದದ್ದು ನಗು. ಆ ಗಿಡದ ವಿಚಾರವಾಗಿ ವಿದ್ವಾಂಸರಿಗೆ ಗೊತ್ತಾದದ್ದೆಲ್ಲ ಒಣಗಿಸಿ ಹಾಳೆಗೆ ಅಂಟಿಸಿದ ಕೆಲವು ಕಡ್ಡಿಗಳಿಂದಲೂ ಹಾಳೆಯ ಮೂಲೆಯಲ್ಲಿದ್ದ ಅಂಗೈಯಗಲದ ಚೀಟಿಯಿಂದಲೂ ಆರಂಭವಾಯಿತೆಂದು ತಿಳಿದಮೇಲೆ ನಗು ನಿಂತು ಕುತೂಹಲ ಹುಟ್ಟಿತು. ಭೂಗೋಳವನ್ನು ಓದುವ ನನಗೆ ಸಸ್ಯದ ಗೊಡವೆ ಏಕೆಂದು ಗೆಳೆಯರು ಕೇಳಬಹುದು. ಲೇಖನ ಓದುತ್ತ ಹೋದಂತೆ ಇದು ಅರ್ಧಕ್ಕರ್ಧ ಭೂಗೋಳದ ವಿಚಾರವೇ ಎಂಬುದು ಅವರಿಗೂ ಕಾಣುತ್ತದೆ.

ಜೇಕು ಹುಲ್ಲಿನಂತೆ ಕಾಣುತ್ತದೆ, ಆದರೆ ಹುಲ್ಲಲ್ಲ. ಕಾಂಡವನ್ನು ಎರಡು ಬೆರಳುಗಳ ನಡುವೆ ಹಿಡಿದು ಹೊರಳಿಸಿ ನೋಡಿದರೆ ಸಾಕು. ಹುಲ್ಲಿನ ಕಾಂಡ ಗುಂಡಗಿದ್ದು ಸಲೀಸಾಗಿ ಹೊರಳುತ್ತದೆ. ಅದಕ್ಕೆ ಗೆಣ್ಣುಗಳುಂಟು, ಗೆಣ್ಣುಗಳ ನಡುವೆ ಸಾಮಾನ್ಯವಾಗಿ ಪೊಳ್ಳು. ಜೇಕಿನ ಕಾಂಡ ಬಹುಮಟ್ಟಿಗೆ ಮುಮ್ಮೂಲೆಯಾಗಿದ್ದು ಒಳಗೆ ಗಟ್ಟಿಯಾಗಿರುತ್ತದೆ. ಬೆರಳಿಗೆ ಏಣು ತಾಗುತ್ತದೆ. ಈ ಕುಟುಂಬದಲ್ಲಿ ಕೇರೆಕ್ಸ್ ಎಂಬುದು ದೊಡ್ಡ ಕುಲ, ಪ್ರಪಂಚದಲ್ಲಿ ಅದರ ಸುಮಾರು 2,000 ಪ್ರಭೇದಗಳಿವೆ. ನಮ್ಮ ಪಶ್ಚಿಮ ಘಟ್ಟಗಳ ಎತ್ತರದಲ್ಲಿಯೂ ಕೆಲವು ಸಿಗುತ್ತವೆ. ಈ ಕುಲದ ಗುರುತೇನೆಂದರೆ, ಕಾಯನ್ನು ಸುತ್ತಿ ಮುಚ್ಚಿದ ಒಂದು ಪುಟ್ಟ ಚೀಲ. ಆ ಚೀಲದ ಆಕಾರ, ನರ, ಮೂತಿ ಇವನ್ನು ಭೂತಗನ್ನಡಿಯಲ್ಲಿ ನೋಡಿಯೇ ಪ್ರಭೇದವನ್ನು ಗೊತ್ತುಮಾಡುವುದು. ಕಾಯಿಲ್ಲದ ಕೇರೆಕ್ಸನ್ನು ತಂದುಕೊಟ್ಟರೆ ಎಂಥ ಪಂಡಿತನೂ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ನಾನು ಹೇಳಹೊರಟ ಗಿಡದ ಹೆಸರು ಕೇರೆಕ್ಸ್ ಸ್ಪೆಕ್ಯುಯಿಕೊಲ. ಲ್ಯಾಟಿನ್ನಿನಲ್ಲಿ ‘ಗವಿಯಲ್ಲಿ ವಾಸಿಸುವುದು’ ಎಂದರ್ಥ. ಬಳಕೆಯಲ್ಲಿ ಅದು ನವಾಹೋ ಜೇಕು. ಅಮೆರಿಕದ ಅರಿಜೋನ ಮತ್ತು ಯೂಟಾ ರಾಜ್ಯಗಳು ಸಂಧಿಸುವ ಕೊಲರಾಡೊ ಪ್ರಸ್ಥಭೂಮಿಯ ಕಮರಿಗಳೇ ಅದರ ನೆಲೆ. ತಮ್ಮನ್ನು ‘ಡಿನೆ’ ಎಂದು ಕರೆದುಕೊಳ್ಳುವ ನವಾಹೋ ಜನರ ನಾಡು ಅದು. ಗಿಡ 25ರಿಂದ 40 ಸೆಂಟಿಮೀಟರ್ ಎತ್ತರ. ಬುಡದಲ್ಲಿ ಗುಂಪುಗೂಡಿದ ತಿಳಿಹಸುರಿನ ಎಲೆಗಳ ಅಗಲ ಒಂದೆರಡು ಮಿಲಿಮೀಟರ್ ಮಾತ್ರ. ನೆಲದೊಳಗೆ ಹರಿಯುವ ಬೇರುಕಾಂಡದಿಂದ ಹೊಸ ಚಿಗುರುಗಳು ಏಳುತ್ತವೆ. ಬಣ್ಣದ ಹೂವಿಲ್ಲ, ಪರಿಮಳವಿಲ್ಲ. ದಾರಿಹೋಕ ತಿರುಗಿ ನೋಡುವಂಥದೇನೂ ಅದರಲ್ಲಿಲ್ಲ.

ಆದರೆ ಅದು ಬೆಳೆಯುವ ಜಾಗ ಮಾತ್ರ ವಿಚಿತ್ರ. ವರ್ಷದ ಮಳೆ 30 ಸೆಂಟಿಮೀಟರ್ ಮುಟ್ಟುವುದೇ ಕಷ್ಟವಾದ ಸೀಮೆಯದು; ನಮ್ಮ ಚಳ್ಳಕೆರೆಯ ಬಯಲಿನಲ್ಲಿ ಅದಕ್ಕಿಂತ ಹೆಚ್ಚು ಬೀಳುತ್ತದೆ. ಅಲ್ಲಿ ನವಾಹೋ ಮರಳುಗಲ್ಲು ಎಂಬ ಕೆಂಪು ಬಿಳುಪು ಬಣ್ಣದ ದಪ್ಪ ಪದರವಿದೆ. ಹತ್ತೊಂಬತ್ತು ಕೋಟಿ ವರ್ಷಗಳ ಆಚೀಚೆ ಅದು ಗಾಳಿ ಗುಡ್ಡೆಹಾಕಿದ ಮರಳುದಿಣ್ಣೆಗಳಾಗಿತ್ತು. ಬಿದ್ದ ಅಲ್ಪ ಮಳೆಯಲ್ಲೂ ಕರಗಿದ ಹಿಮದಲ್ಲೂ ಒಂದು ಪಾಲು ಈ ಕಲ್ಲಿನ ಕಣಕಣದ ಸಂದಿಯಲ್ಲಿ ಇಳಿಯುತ್ತ ಹೋಗುತ್ತದೆ. ಕೆಳಗೆ ನೀರನ್ನು ಸುಲಭವಾಗಿ ಬಿಡದ ಬಿಗಿಯಾದ ಪದರ ಅಡ್ಡ ಬಂದಾಗ ನೀರು ಇಳಿಯಲಾರದೆ ಪಕ್ಕಕ್ಕೆ ಸರಿದು, ಕಮರಿಯ ಗೋಡೆ ಸಿಕ್ಕಿದಲ್ಲಿ ಹೊರಗೆ ಜಿನುಗುತ್ತದೆ. ಜಿನುಗಿದ ನೀರೇ ಆ ಕಡೆಯ ಕಲ್ಲನ್ನು ಸಡಿಲಗೊಳಿಸಿ ಉದುರಿಸುತ್ತದೆ. ಕಾಲಕ್ರಮದಲ್ಲಿ ಗೋಡೆಯಲ್ಲಿ ಕಮಾನಿನಾಕಾರದ ಗೂಡು ಕೊರೆಯಲ್ಪಡುತ್ತದೆ. ಬಿಸಿಲು ನೇರವಾಗಿ ಬೀಳದ ಆ ಗೂಡಿನಲ್ಲಿ, ನೀರು ಒಸರುವ ಗೆರೆಯುದ್ದಕ್ಕೂ, ಜರೀಗಿಡಗಳೂ ಪಾಚಿಯೂ ಹೂಗಿಡಗಳೂ ತೂಗಾಡುತ್ತವೆ. ಇವಕ್ಕೆ ‘ತೂಗು ತೋಟ’ಗಳೆಂದು ಹೆಸರು. ಮೇಲೆ ಕಾದ ಬಂಡೆ, ಕೆಳಗೆ ಬೂದುಬಣ್ಣದ ಕುರುಚಲು, ನಡುವೆ ಒಂದು ಹಸುರು ಪಟ್ಟಿ. ಈ ಪಟ್ಟಿಯೇ ನಮ್ಮ ಜೇಕಿನ ಮನೆ. ಪಟ್ಟಿಯಿಂದ ಹತ್ತು ಹೆಜ್ಜೆ ಆಚೆಗೆ ಇಟ್ಟರೆ ಅದು ಬದುಕುವುದಿಲ್ಲ. ಸಮುದ್ರದ ನಡುವೆ ದ್ವೀಪಗಳಿದ್ದಂತೆ ಒಣ ಬಂಡೆಯ ನಡುವೆ ಈ ಒದ್ದೆ ಗೂಡುಗಳಿವೆ.

ಇನ್ನು ಹಾಳೆಯ ಮಾತು. ಗಿಡವನ್ನು ಕಾಗದಗಳ ನಡುವೆ ಅದುಮಿ ಒಣಗಿಸಿ, ಹಾಳೆಗೆ ಅಂಟಿಸಿ, ಕ್ರಮವಾಗಿ ಬೀರುಗಳಲ್ಲಿ ಇಡುವ ಸಂಗ್ರಹಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಹದಿನಾರನೆಯ ಶತಮಾನದ ಇಟಲಿಯಲ್ಲಿ ಲೂಕಾ ಗೀನಿ ಎಂಬ ಅಧ್ಯಾಪಕ ಈ ಪದ್ಧತಿಯನ್ನು ರೂಢಿಗೆ ತಂದನೆಂದು ಹೇಳುತ್ತಾರೆ. ಆಗ ಹಾಳೆಗಳನ್ನು ಪುಸ್ತಕದಂತೆ ಹೊಲಿದುಬಿಡುತ್ತಿದ್ದರು. ಹದಿನೆಂಟನೆಯ ಶತಮಾನದ ಲಿನೇಯಸ್ ಬಿಡಿ ಹಾಳೆಗಳನ್ನೇ ಬೀರುವಿನಲ್ಲಿಟ್ಟು, ಬೇಕಾದಾಗ ಜಾಗ ಬದಲಿಸುವ ಅನುಕೂಲ ಮಾಡಿಕೊಂಡ. ಅಮೆರಿಕದ ಹಾಳೆಯ ಅಳತೆ ಹನ್ನೊಂದೂವರೆ ಅಂಗುಲಕ್ಕೆ ಹದಿನಾರೂವರೆ ಅಂಗುಲ. ಇಂದು ಪ್ರಪಂಚದಲ್ಲಿ 3,500ರಷ್ಟು ಹರ್ಬೇರಿಯಂಗಳಿದ್ದು, ಅವುಗಳಲ್ಲಿ ಸುಮಾರು 40 ಕೋಟಿ ಮಾದರಿಗಳಿವೆ. ಹುಳು ತಿನ್ನದಿರಲೆಂದು ಹಿಂದಿನವರು ಹಾಳೆಗಳಿಗೆ ಪಾದರಸದ ವಿಷವನ್ನು ಹಚ್ಚುತ್ತಿದ್ದರಾದ್ದರಿಂದ ಹಳೆಯ ಬೀರುಗಳನ್ನು ತೆರೆಯುವವರು ಇಂದಿಗೂ ಎಚ್ಚರದಿಂದಿರುತ್ತಾರೆ. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದ ನಮ್ಮ ಕನ್ನಡ ವಿಭಾಗದವರಿಗೆ ಗಿಡ ಹುಡುಕಿ ಬೆಟ್ಟ ಹತ್ತುವವರ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ.

ಹಾಳೆಯ ಮೇಲೆ ಗಿಡಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಬಲಗಡೆಯ ಕೆಳಮೂಲೆಯ ಚೀಟಿ. ಗಿಡದ ಹೆಸರು, ಸಿಕ್ಕಿದ ಸ್ಥಳ, ಸಮುದ್ರಮಟ್ಟದಿಂದ ಎತ್ತರ, ನೆಲದ ಬಗೆ, ಜೊತೆಯಲ್ಲಿದ್ದ ಗಿಡಗಳು, ದಿನಾಂಕ, ಸಂಗ್ರಹಿಸಿದವರ ಹೆಸರು, ಅವರ ಕ್ರಮಸಂಖ್ಯೆ, ಇವಿಷ್ಟೂ ಅದರಲ್ಲಿರಬೇಕು. ನಮ್ಮ ಮನೆಯ ಹಳೆಯ ವಿಭಾಗಪತ್ರವನ್ನು ಓದಿ ಅರ್ಥ ಹೇಳುವ ಕೆಲಸ ಮನೆಯಲ್ಲಿ ಮೊದಲು ಅಕ್ಷರ ಕಲಿತವನಾದ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಚಕ್ಕುಬಂದಿಯ ಸಾಲೊಂದಿದೆ: ಪೂರ್ವಕ್ಕೆ ಹುಣಿಸೆಮರ, ಪಶ್ಚಿಮಕ್ಕೆ ಇಂಥವರ ಹೊಲ. ಹುಣಿಸೆಮರವನ್ನು ಕಡಿದು ಎಷ್ಟೋ ವರ್ಷವಾಗಿದೆ. ಇಂದು ಆ ಸಾಲನ್ನು ನಂಬಿ ನಿಂತರೆ ನಿಲ್ಲುವುದು ಎಲ್ಲಿ? ಹರ್ಬೇರಿಯಂ ಚೀಟಿಗಳನ್ನು ಓದುವವರಿಗೂ ಇದೇ ಪಾಡು. ನೂರು ವರ್ಷದ ಹಿಂದಿನ ಸಂಗ್ರಾಹಕ ‘ಇಂಥ ವ್ಯಾಪಾರಿಯ ಠಾಣೆಯಿಂದ ಒಂದು ದಿನದ ಕುದುರೆದಾರಿ’ ಎಂಬ ಬಗೆಯಲ್ಲಿ ಬರೆದಿಟ್ಟಿದ್ದರೆ ಠಾಣೆಯೂ ಇಲ್ಲ, ಕುದುರೆಯೂ ಇಲ್ಲ.

ಆ ಕಾಲದ ಸಂಗ್ರಾಹಕರಲ್ಲಿ ಒಬ್ಬಾಕೆಯ ವಿಚಾರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಲಿಸ್ ಈಸ್ಟ್‌ವುಡ್ 1859ರಲ್ಲಿ ಕೆನಡದ ಟೊರಾಂಟೊದಲ್ಲಿ ಹುಟ್ಟಿದಳು. ಡೆನ್ವರ್ ನಗರದಲ್ಲಿ ಹೈಸ್ಕೂಲು ಮುಗಿಸಿ ಅಲ್ಲಿಯೇ ಉಪಾಧ್ಯಾಯಿನಿಯಾದಳು. ಕಾಲೇಜಿನ ಮೆಟ್ಟಲು ಹತ್ತಲಿಲ್ಲ. ರಜೆಯಲ್ಲಿ ಬೆಟ್ಟ ಸುತ್ತಿ ಗಿಡ ಕೂಡಿಸುತ್ತ ತಾನೇ ಓದಿ ವಿದುಷಿಯಾದಳು. 1892ರಲ್ಲಿ ಅಲ್ ವೆಥರಿಲ್ ಎಂಬ ದನಗಾಹಿಯನ್ನು ದಾರಿಗೆ ಜೊತೆಮಾಡಿಕೊಂಡು ಆಗ್ನೇಯ ಯೂಟಾದ ಕಮರಿಗಳನ್ನು ಕುದುರೆಯ ಮೇಲೆ ದಾಟಿದಳು. 1895ರಲ್ಲಿ ಮತ್ತೊಮ್ಮೆ ಆ ಕಡೆಗೆ ಹೋದಳು. ಒದ್ದೆ ಗೂಡುಗಳಲ್ಲಿ ಬೆಳೆಯುವ ಅಕ್ವಿಲೀಜಿಯ ಮೈಕ್ರಾಂತ ಎಂಬ ಹೂಗಿಡಕ್ಕೆ 1895ರಲ್ಲಿ ಹೆಸರಿಟ್ಟವಳು ಆಕೆಯೇ. ಅಷ್ಟರಲ್ಲಿ ಸಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯ ಅಕಾಡೆಮಿ ಆಫ್ ಸೈನ್ಸಸ್ ಎಂಬ ಸಂಸ್ಥೆಯ ಹರ್ಬೇರಿಯಂ ಆಕೆಯ ವಶಕ್ಕೆ ಬಂದಿತ್ತು.

ಹೊಸ ಪ್ರಭೇದವೊಂದಕ್ಕೆ ಹೆಸರಿಡುವಾಗ ಯಾವ ಹಾಳೆಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೋ ಅದಕ್ಕೆ ಮೂಲಮಾದರಿ ಎಂದು ಹೆಸರು. ಮುಂದೆ ಯಾರಿಗೆ ಎಂಥ ಸಂಶಯ ಬಂದರೂ ಆ ಹಾಳೆಯ ಮುಂದೆ ಬಂದು ನಿಲ್ಲಬೇಕು. ಇಂಥ ಮೂಲಮಾದರಿಗಳನ್ನು ಉಳಿದವುಗಳ ಜೊತೆ ಬೆರೆಸಿಡುವುದು ಆಗಿನ ವಾಡಿಕೆ. ಈಸ್ಟ್‌ವುಡ್ ಮಾತ್ರ ಅವನ್ನು ಬೇರೆ ಬೀರುವಿನಲ್ಲಿ ಒಟ್ಟಾಗಿ ಇಟ್ಟಿದ್ದಳು. 1906ರ ಏಪ್ರಿಲ್ 18ರ ನಸುಕಿನಲ್ಲಿ ಸಾನ್ ಫ್ರಾನ್ಸಿಸ್ಕೊ ನಗರ ನಡುಗಿತು. ಹಿಂದೆಯೇ ಬೆಂಕಿ ಹಬ್ಬುತ್ತ ಬಂತು. ಅಕಾಡೆಮಿಯ ಕಟ್ಟಡದ ಕಲ್ಲಿನ ಮೆಟ್ಟಲುಗಳು ಕುಸಿದುಹೋಗಿದ್ದವು. ನಲವತ್ತೇಳು ವರ್ಷದ ಆಕೆ ಕಬ್ಬಿಣದ ಕಟಕಟೆಯ ಕಂಬಿಗಳನ್ನೇ ಮೆಟ್ಟಲು ಮಾಡಿಕೊಂಡು ಒಬ್ಬ ಸ್ನೇಹಿತನ ಜೊತೆ ಆರನೆಯ ಮಹಡಿಗೆ ಹತ್ತಿದಳು. ಬೇರೆಯಾಗಿಟ್ಟಿದ್ದ ಮೂಲಮಾದರಿಗಳನ್ನು ಕಟ್ಟು ಕಟ್ಟಿ ಹಗ್ಗದಿಂದ ಕೆಳಕ್ಕೆ ಇಳಿಸಿದಳು. ಹೀಗೆ ಉಳಿದ ಮಾದರಿಗಳ ಸಂಖ್ಯೆ 1,497. ಮಿಕ್ಕದ್ದೆಲ್ಲ ಬೂದಿಯಾಯಿತು, ಆಕೆಯ ಸ್ವಂತ ಮನೆಯೂ ಸುಟ್ಟಿತು. ಆಮೇಲೆ ಮತ್ತೆ ಒಂದರಿಂದ ಎಣಿಸಲು ಮೊದಲುಮಾಡಿದಳು. 1949ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ಆಕೆ ನಿವೃತ್ತಳಾಗುವ ವೇಳೆಗೆ ಸಂಗ್ರಹ ಮೂರು ಲಕ್ಷವನ್ನು ಮೀರಿತ್ತು. ಪದವಿಪತ್ರವೆಂದರೆ ದೇವರ ಪಟದ ಪಕ್ಕ ತೂಗುಹಾಕುವ ವಸ್ತುವೆಂದು ತಿಳಿದಿರುವ ಮನೆಯಿಂದ ಬಂದ ನನಗೆ, ಪದವಿಯಿಲ್ಲದ ಈ ವಿದುಷಿಯ ಕಥೆ ಓದಿದಾಗ ಸ್ವಲ್ಪ ಮುಜುಗರವೇ ಆಯಿತು.

ನವಾಹೋ ಜೇಕು ಪಂಡಿತರ ಲೆಕ್ಕಕ್ಕೆ ಸೇರಿದ್ದೂ ಅದೇ 1949ರಲ್ಲಿ. ಅದಕ್ಕೆ ಹೆಸರಿಟ್ಟವನು ಈಸ್ಟ್‌ವುಡ್‌ಳ ಸಹಾಯಕನಾಗಿ ದುಡಿದು ಆಕೆಯ ಸ್ಥಾನಕ್ಕೆ ಬಂದ ಜಾನ್ ಥಾಮಸ್ ಹೊವೆಲ್. ಪ್ರಕಟವಾದದ್ದು ಇವರಿಬ್ಬರೂ ಸೇರಿ 1932ರಲ್ಲಿ ಆರಂಭಿಸಿದ್ದ ಒಂದು ಸಣ್ಣ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ. ಮೂಲಮಾದರಿ ಸಿಕ್ಕಿದ ಸ್ಥಳ ಅರಿಜೋನದ ಇನ್‌ಸ್ಕ್ರಿಪ್ಷನ್ ಹೌಸ್, ಕನ್ನಡದಲ್ಲಿ ಹೇಳುವುದಾದರೆ ‘ಬರಹದ ಮನೆ’. ನವಾಹೋ ಜನರು ಬರುವುದಕ್ಕೂ ಹಿಂದಿನ ಪ್ಯೂಬ್ಲೊ ಜನರು ಬಂಡೆಯ ಗೂಡಿನೊಳಗೆ ಕಟ್ಟಿಕೊಂಡಿದ್ದ ಮನೆಗಳ ಹಾಳು ಅದು. 1909ರಲ್ಲಿ ಸಂರಕ್ಷಿತ ಸ್ಮಾರಕವಾದ ಪ್ರದೇಶಕ್ಕೆ ಸೇರಿದೆ. ಅದರ ಮೊದಲ ಪಾಲಕನಾದ ಜಾನ್ ವೆಥರಿಲ್, ಈಸ್ಟ್‌ವುಡ್‌ಗೆ ದಾರಿ ತೋರಿಸಿದ ಅಲ್ ವೆಥರಿಲ್ಲನ ಸೋದರ. ಹಾಳುಮನೆಯ ಗೋಡೆಯ ಮೇಲೆ ಯಾರೋ ಕೆತ್ತಿದ್ದ ಬರಹದಿಂದ ಆ ಹೆಸರು ಬಂತು. ಅದರಲ್ಲಿ 1661 ಎಂಬ ಇಸವಿಯಿದೆಯೆಂದು ಮೊದಲು ಓದಿದರು. ಸ್ಪೇನಿನವರು ಅಷ್ಟು ಹಿಂದೆಯೇ ಅಲ್ಲಿಗೆ ಬಂದಿದ್ದರೆಂದು ಊಹಿಸಿದರು. ಅದು 1861 ಇರಬೇಕೆಂಬ ಅಭಿಪ್ರಾಯ ಅನಂತರ ಬಂತು. ಸವೆದ ಒಂದು ಅಂಕೆಯಿಂದ ಇತಿಹಾಸ ಇನ್ನೂರು ವರ್ಷ ಹಿಂದಕ್ಕೂ ಮುಂದಕ್ಕೂ ಓಡಾಡಿತು. ಚೀಟಿಯನ್ನೇ ನಂಬಿ ಬದುಕಬೇಕಾದ ಗಿಡವೊಂದು ಇಂಥ ಹೆಸರಿನ ಸ್ಥಳದಲ್ಲಿಯೇ ಸಿಕ್ಕಿದ್ದು ಕಾಕತಾಳೀಯವಾದರೂ ಸ್ವಾರಸ್ಯವಾಗಿದೆ.

1985ರಲ್ಲಿ ಆ ಜೇಕನ್ನು ಅಳಿವಿನ ಭಯವಿರುವ ಗಿಡಗಳ ಪಟ್ಟಿಗೆ ಸೇರಿಸಿದಾಗ ಗೊತ್ತಿದ್ದುದು ಆ ಬರಹದ ಮನೆಯ ಸುತ್ತಲಿನ ಕೆಲವೇ ಒರತೆಗಳು. ಕುರಿ ದನಗಳು ನೀರಿಗೆ ಬಂದು ಮೇಯುತ್ತವೆ, ತುಳಿಯುತ್ತವೆ; ಒರತೆಯ ನೀರನ್ನು ಕೊಳವೆಯಲ್ಲಿ ತಿರುಗಿಸಿಕೊಂಡರೆ ಗೂಡು ಒಣಗುತ್ತದೆ. ಅಪಾಯಗಳೆಂದು ಹೇಳಿದ್ದು ಇವನ್ನು. ಕುರಿ ಸಾಕಿ ಬದುಕುವ ಜನರ ನೆಲದಲ್ಲಿ ಒರತೆಯೊಂದಕ್ಕೆ ಬೇಲಿ ಹಾಕುವುದೆಂದರೆ ಏನೆಂದು ಕೆರೆಯ ನೀರಿಗಾಗಿ ಜಗಳವಾಡಿದ ಊರಿನವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಿಡದ ಪಕ್ಷ ಹಿಡಿಯುವುದು ಪುಸ್ತಕದಲ್ಲಿ ಸುಲಭ. ನವಾಹೋ ಜನರ ಆಡಳಿತ ಈಗ ತಮ್ಮದೇ ಸಸ್ಯ ಪ್ರಾಣಿಗಳ ದಾಖಲೆಯ ವಿಭಾಗವನ್ನು ಇಟ್ಟುಕೊಂಡಿದೆ, ತಮ್ಮದೇ ಪಟ್ಟಿಯನ್ನು ಮಾಡಿದೆ. ಅವರ ನೆಲದಲ್ಲಿ ಗಿಡ ಕೀಳುವವರು ಅವರ ಅಪ್ಪಣೆ ಪಡೆಯಬೇಕು. ಇದು ನ್ಯಾಯವಾದದ್ದೆಂದೇ ನನಗೆ ತೋರುತ್ತದೆ.

ಪಟ್ಟಿಗೆ ಸೇರಿದಮೇಲೆ ಒಂದು ವಿಶೇಷ ನಡೆಯಿತು. ಗಿಡಕ್ಕೆ ಹೆಸರು ಬಂದಿತ್ತು, ಹುಡುಕುವವರು ಹೆಚ್ಚಿದರು. ಅರಿಜೋನದ ಕೊಕೊನಿನೊ, ನವಾಹೋ, ಅಪಾಚಿ ಎಂಬ ಜಿಲ್ಲೆಗಳಲ್ಲೂ ಯೂಟಾದ ಸಾನ್ ವಾನ್ ಜಿಲ್ಲೆಯಲ್ಲೂ ಹೊಸ ಹೊಸ ಗೂಡುಗಳಲ್ಲಿ ಅದು ಕಂಡಿತು. ನಕ್ಷೆಯ ಮೇಲಿನ ಚುಕ್ಕಿಗಳು ಹೆಚ್ಚಾದವು. ಇದನ್ನು ನೋಡಿ ಗಿಡ ಹಬ್ಬುತ್ತಿದೆಯೆಂದು ಯಾರಾದರೂ ತಿಳಿದರೆ ಅದು ತಪ್ಪು. ಗಿಡ ಮೊದಲೂ ಅಲ್ಲಿದ್ದಿರಬೇಕು. ಕಣ್ಣುಗಳು ಈಗ ಹೋದವು. ಹರ್ಬೇರಿಯಂ ದಾಖಲೆ ಗಿಡ ಎಲ್ಲೆಲ್ಲಿದೆಯೆಂದು ಹೇಳುವುದಿಲ್ಲ, ಗಿಡ ಇದ್ದಲ್ಲಿಗೆ ಮನುಷ್ಯ ಎಲ್ಲೆಲ್ಲಿ ಹೋದನೆಂದು ಹೇಳುತ್ತದೆ. ಆದ್ದರಿಂದಲೇ ಎಷ್ಟೋ ಗಿಡಗಳ ಚುಕ್ಕಿಗಳು ರಸ್ತೆಗಳ ಬದಿಯಲ್ಲಿ ಸಾಲುಗಟ್ಟಿರುತ್ತವೆ. ಹಗ್ಗ ಕಟ್ಟಿ ಇಳಿಯಬೇಕಾದ ಗೋಡೆಯಲ್ಲಿ ಚುಕ್ಕಿಯಿಲ್ಲದಿದ್ದರೆ ಅಲ್ಲಿ ಗಿಡವಿಲ್ಲವೆಂದೋ ಹೋದವರಿಲ್ಲವೆಂದೋ ನಕ್ಷೆ ಹೇಳಲಾರದು.

ಎಣಿಕೆಯಲ್ಲಿ ಇನ್ನೂ ಮೋಸಗಳಿವೆ. ಒಂದೇ ದಿನ ಒಂದೇ ಬುಡದಿಂದ ತೆಗೆದ ಕಡ್ಡಿಗಳನ್ನು ನಾಲ್ಕೈದು ಹಾಳೆಗಳಿಗೆ ಹಂಚಿ ಬೇರೆ ಬೇರೆ ಊರಿನ ಹರ್ಬೇರಿಯಂಗಳಿಗೆ ಕಳಿಸುವುದು ವಾಡಿಕೆ. ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಕಡೆ ಉಳಿಯಲೆಂಬ ಜಾಣತನ ಅದರಲ್ಲಿದೆ. ನಮ್ಮ ಹಾಸನ ಜಿಲ್ಲೆಯ ಸಸ್ಯಗಳನ್ನು ಕುರಿತು ಬೆಂಗಳೂರಿನ ಸೆಸಿಲ್ ಸಲ್ಡಾನ್ಹ ಅವರೂ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಅವರೂ 1976ರಲ್ಲಿ ದೊಡ್ಡ ಗ್ರಂಥವನ್ನು ಹೊರತಂದರಲ್ಲ, ಆ ಕೆಲಸದ ಹಾಳೆಗಳೂ ಹೀಗೆಯೇ ಹಂಚಿಕೆಯಾದುವು. ನಮ್ಮ ಮಲೆನಾಡಿನ ಗಿಡಗಳು ಅಟ್ಲಾಂಟಿಕ್ ಸಮುದ್ರದ ಆಚೆಯ ಬೀರುಗಳಲ್ಲೂ ಇವೆ. ಆದರೆ ಗಣಕಯಂತ್ರಕ್ಕೆ ದಾಖಲೆ ತುಂಬುವಾಗ ಈ ನಾಲ್ಕೈದು ಹಾಳೆಗಳೂ ನಾಲ್ಕೈದು ದಾಖಲೆಗಳಾಗಿ ಕುಳಿತುಕೊಳ್ಳುತ್ತವೆ. ಎಚ್ಚರವಿಲ್ಲದವನು ಒಂದು ಗಿಡವನ್ನು ಐದೆಂದು ಎಣಿಸುತ್ತಾನೆ. ಜೇಕಿನಲ್ಲಂತೂ ಬೇರುಕಾಂಡ ಹರಿದು ಚಿಗುರುವುದರಿಂದ ಕಣ್ಣಿಗೆ ನೂರಾಗಿ ಕಾಣುವುದು ಬುಡದಲ್ಲಿ ಒಂದೇ ಇದ್ದರೂ ಇರಬಹುದು.

ಸ್ಥಳವನ್ನು ಗುರುತಿಸುವುದಂತೂ ಭೂಗೋಳದ ವಿದ್ಯಾರ್ಥಿಗೆ ಹೇಳಿಮಾಡಿಸಿದ ಸಮಸ್ಯೆ. ಹಳೆಯ ಚೀಟಿಯಲ್ಲಿ ಅಕ್ಷಾಂಶ ರೇಖಾಂಶಗಳಿರುವುದಿಲ್ಲ, ಊರಿನ ಹೆಸರಿರುತ್ತದೆ. ಈಗಿನವರು ಆ ಹೆಸರನ್ನು ನಕ್ಷೆಯಲ್ಲಿ ಹುಡುಕಿ ಚುಕ್ಕಿಯಿಟ್ಟು, ಇಷ್ಟು ಕಿಲೋಮೀಟರ್ ಆಚೀಚೆ ಇರಬಹುದೆಂದು ಸುತ್ತ ಒಂದು ವೃತ್ತವನ್ನು ಎಳೆಯುತ್ತಾರೆ. ಬಯಲುಸೀಮೆಯಲ್ಲಿ ಒಂದು ಕಿಲೋಮೀಟರ್ ತಪ್ಪಿದರೆ ದೊಡ್ಡ ನಷ್ಟವಿಲ್ಲ. ಅದೇ ಎರೆಹೊಲ, ಅದೇ ಜಾಲಿ. ಕಮರಿಯ ನಾಡಿನಲ್ಲಿ ಒಂದು ಕಿಲೋಮೀಟರ್ ಎಂದರೆ ಗೋಡೆಯ ನೆತ್ತಿಯಿಂದ ಪಾತಾಳಕ್ಕೆ. ಚುಕ್ಕಿ ಸ್ವಲ್ಪ ಜರುಗಿದರೆ ಒರತೆಯ ಗಿಡ ಕಾದ ಬಂಡೆಯ ನೆತ್ತಿಯ ಮೇಲೆ ಕುಳಿತುಬಿಡುತ್ತದೆ. ಆ ಚುಕ್ಕಿಯನ್ನು ನಂಬಿ ಗಣಕಯಂತ್ರವನ್ನು ಕೇಳಿದರೆ, ಈ ಗಿಡಕ್ಕೆ ಒಣ ಬಂಡೆಯೇ ಇಷ್ಟವೆಂದು ಅದು ಲೆಕ್ಕ ಹಾಕಿ ಹೇಳುತ್ತದೆ. ಲೆಕ್ಕದಲ್ಲಿ ತಪ್ಪಿರುವುದಿಲ್ಲ. ಇಂಥ ಕಡೆ ಚೀಟಿಯಲ್ಲಿ ‘ಒದ್ದೆ ಗೂಡಿನಲ್ಲಿ, ಉತ್ತರ ದಿಕ್ಕಿನ ಗೋಡೆಯ ಬುಡದಲ್ಲಿ’ ಎಂದು ಯಾರಾದರೂ ಎರಡು ಮಾತು ಹೆಚ್ಚಿಗೆ ಬರೆದಿದ್ದರೆ, ಆ ಎರಡು ಮಾತು ಹತ್ತು ಅಂಕೆಗಳಿಗಿಂತ ಮೇಲು.

ಇನ್ನೊಂದು ಇಕ್ಕಟ್ಟಿದೆ. ಅರಿಜೋನದಲ್ಲಿ ಹುಟ್ಟಿಕೊಂಡ ಸಯ್‌ನೆಟ್ ಎಂಬ ಅಂತರ್ಜಾಲದ ಕೋಶದಲ್ಲಿ ಹಲವು ಹರ್ಬೇರಿಯಂಗಳ ಹಾಳೆಗಳನ್ನು ಒಟ್ಟಿಗೆ ಹುಡುಕಬಹುದು. ಎಷ್ಟೋ ಹಾಳೆಗಳ ಚಿತ್ರಗಳನ್ನೂ ನೋಡಬಹುದು. ನನ್ನಂಥವನು ನಮ್ಮ ಗ್ರಂಥಾಲಯದ ಮೂಲೆಯಲ್ಲಿ ಕುಳಿತು ಆ ನಾಡಿನ ಗಿಡಗಳನ್ನು ನೋಡಿದ್ದು ಅದರ ಕೃಪೆಯಿಂದಲೇ. ಆದರೆ ಅಪಾಯದಲ್ಲಿರುವ ಗಿಡಗಳ ನಿಖರವಾದ ಸ್ಥಳವನ್ನು ಅಲ್ಲಿ ಮರೆಮಾಡುವ ಪದ್ಧತಿಯಿದೆ. ತೋರಿಸಿದರೆ ಕೀಳುವವರು ಹೋಗುತ್ತಾರೆ, ಕೀಳದಿದ್ದರೂ ಹತ್ತು ಜನ ನೋಡಹೋಗಿ ಒರತೆಯನ್ನು ತುಳಿಯುತ್ತಾರೆ. ಮುಚ್ಚಿಟ್ಟರೆ, ಕೊಳವೆ ಹಾಕಲು ಹೊರಟವನಿಗೆ ಅಲ್ಲಿ ಗಿಡವಿದೆಯೆಂದು ತಿಳಿಯುವುದು ಹೇಗೆ? ಚೆನ್ನಾಗಿ ಬರೆದ ಚೀಟಿಯೇ ಬಹಿರಂಗಪಡಿಸಬಾರದ ಚೀಟಿಯಾಗುತ್ತದೆ. ಸಂಗ್ರಹಿಸುವವರಿಗೂ ಒಂದು ಕಟ್ಟುಪಾಡುಂಟು: ಒಂದು ಗಿಡ ತೆಗೆಯಬೇಕಾದರೆ ಕಣ್ಣೆದುರಿಗೆ ಇನ್ನಿಪ್ಪತ್ತಾದರೂ ಉಳಿದಿರಬೇಕು.

ಹಾಳೆಯ ಲೋಕದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಪದ್ಧತಿ ಬೇರೆಯೇ ಒಂದು. ಮೊದಲೇ ಹೇಳಿದಂತೆ ಕಾಯಿಲ್ಲದ ಕೇರೆಕ್ಸನ್ನು ಗುರುತಿಸುವುದು ಕಷ್ಟ. ನವಾಹೋ ಜೇಕು ಕಾಯಿಬಿಡುವುದು ಜೂನ್ ಕೊನೆಯಿಂದ ಜುಲೈವರೆಗೆ. ಅದನ್ನು ಬಿಟ್ಟು ಹೋದವರ ಕೈಗೆ ಬರೀ ಎಲೆ. ಅಂಥದೇ ಒದ್ದೆ ಗೂಡುಗಳಲ್ಲಿ ಕೇರೆಕ್ಸ್ ಕ್ಯುರೇಟೋರಮ್ ಎಂಬ ಇನ್ನೊಂದು ಜೇಕೂ ಬೆಳೆಯುತ್ತದೆ. ಅದು 1937ರಲ್ಲಿ ಹೆಸರು ಪಡೆದದ್ದು, ಹೆಸರಿನ ಅರ್ಥ ‘ಹರ್ಬೇರಿಯಂ ಪಾಲಕರದು’ ಎಂದು. ಹೀಗಿರುವಾಗ ಒಂದರ ಚೀಟಿ ಇನ್ನೊಂದರ ಮೇಲೆ ಬೀಳುವುದು ಸಹಜವೇ. ಮುಂದೆ ಯಾರಾದರೂ ತಿಳಿದವರು ನೋಡಿ, ಇದು ಅದಲ್ಲ ಎಂದು ಕಂಡುಕೊಂಡರೆ ಏನು ಮಾಡುತ್ತಾರೆ? ಹಳೆಯ ಚೀಟಿಯನ್ನು ಕಿತ್ತೆಸೆಯುವುದಿಲ್ಲ, ಅದರ ಮೇಲೆ ಗೀಟೆಳೆಯುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಸಣ್ಣ ಚೀಟಿ ಅಂಟಿಸಿ ತಮ್ಮ ನಿರ್ಣಯ, ಹೆಸರು, ಇಸವಿ ಬರೆಯುತ್ತಾರೆ. ಆಮೇಲೆ ಬಂದವರು ಅದನ್ನೂ ಒಪ್ಪದಿದ್ದರೆ ಮೂರನೆಯ ಚೀಟಿ. ಕೆಲವು ಹಾಳೆಗಳಲ್ಲಿ ಇಂಥ ಚೀಟಿಗಳು ನಾಲ್ಕೈದು ಇರುವುದೂ ಉಂಟು. ತಪ್ಪಿದವರೂ ತಿದ್ದಿದವರೂ ಒಂದೇ ಹಾಳೆಯಲ್ಲಿ ಉಳಿಯುತ್ತಾರೆ.

ಈ ಪದ್ಧತಿಯ ರುಚಿ ನನಗೆ ಸ್ವಂತ ಅನುಭವದಿಂದ ಹತ್ತಿತು. ಎರಡು ವರ್ಷದ ಹಿಂದೆ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಬೇರೊಂದು ಕಾಲೇಜಿನಿಂದ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ಬಂದಿದ್ದರು. ಗಿಡ ಒಣಗಿಸುವುದನ್ನು ತೋರಿಸಿ, ನಿಮ್ಮ ನಿಮ್ಮ ಊರಿನಿಂದ ಒಂದೊಂದು ತನ್ನಿ ಎಂದರು. ನಾನು ರಜೆಯಲ್ಲಿ ಎರಡು ಕಡೆ ಜೇಕು ಕಿತ್ತೆ: ಊರ ಕೆರೆಯ ಅಂಚಿನಲ್ಲೊಂದು, ಬೆಟ್ಟದ ಬುಡದ ಒರತೆಯಲ್ಲೊಂದು. ಎರಡನ್ನೂ ಹಳೆಯ ದಿನಪತ್ರಿಕೆಯ ನಡುವೆ ಇಟ್ಟು ಮೇಲೆ ಅಕ್ಕಿಯ ಡಬ್ಬ ಹೇರಿದೆ. ಚೀಟಿ ಆಮೇಲೆ ಬರೆದರಾಯಿತೆಂದುಕೊಂಡೆ. ಒಂದಕ್ಕೆ ಬೂಷ್ಟು ಹಿಡಿಯಿತು, ಬಿಸುಟೆ. ಉಳಿದದ್ದು ಯಾವ ಜಾಗದ್ದೆಂದು ನೆನಪಾಗಲಿಲ್ಲ. ಕೆರೆ ಎಂದು ಬರೆದರೆ ಏನು ಚೆಂದ? ‘ಬೆಟ್ಟದ ಒರತೆ’ ಎಂದು ಬರೆದೆ, ದಿನಾಂಕವನ್ನು ಅಂದಾಜಿನಲ್ಲಿ ಹಾಕಿದೆ.

ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಇದು ಒರತೇಲಿ ಸಿಕ್ತೇನಪ್ಪ? ನನಗೆ ಆ ಜಾಗ ತೋರಿಸಬೇಕು” ಎಂದರು. ಒಂದು ಭಾನುವಾರ ಬಸ್ಸು ಹತ್ತಿ ನಮ್ಮೂರಿಗೆ ಬಂದೇಬಿಟ್ಟರು. ಒರತೆಯ ಸುತ್ತ ಮಧ್ಯಾಹ್ನದವರೆಗೆ ಹುಡುಕಿದೆವು. ಜೇಕಿತ್ತು, ಆ ಜೇಕಲ್ಲ. ಕೆರೆಯ ಕಡೆ ಹೋಗೋಣವೆಂದರೆ ಆ ಬೇಸಗೆಯಲ್ಲಿ ಹೂಳೆತ್ತುವ ಯಂತ್ರ ಬಂದು ಅಂಚನ್ನೆಲ್ಲ ಕೆರೆದುಹಾಕಿತ್ತು. ಮನೆಯಲ್ಲಿ ಅಮ್ಮ ಕೊಟ್ಟ ಮಜ್ಜಿಗೆ ಕುಡಿಯುತ್ತ ಕುಳಿತಿದ್ದಾಗ ನಾನು ನಿಜ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ವಾಸಿಯಾಗುತ್ತಿತ್ತು. ಲೋಟ ಕೆಳಗಿಟ್ಟು, “ಚೀಟಿ ಹರೀಬೇಡ. ಪಕ್ಕದಲ್ಲಿ ಇನ್ನೊಂದು ಬರೆದು ಅಂಟಿಸು” ಎಂದಷ್ಟೇ ಹೇಳಿದರು.

ಆ ಹಾಳೆ ಅವರ ಕಾಲೇಜಿನ ಬೀರುವಿನಲ್ಲಿದೆ. ಮೊದಲ ಚೀಟಿಯಲ್ಲಿ ‘ಬೆಟ್ಟದ ಬುಡದ ಒರತೆ’ ಎಂದೂ, ಎರಡನೆಯದರಲ್ಲಿ ‘ಸ್ಥಳ ಅನಿಶ್ಚಿತ, ಒರತೆ ಅಥವಾ ಕೆರೆಯ ಅಂಚು, ಒರತೆಯಲ್ಲಿ ಮತ್ತೆ ಹುಡುಕಿ ಕಾಣಲಿಲ್ಲ, ಕೆರೆಯ ಅಂಚು ಈಗಿಲ್ಲ’ ಎಂದೂ ಇದೆ. ಎರಡರ ಕೆಳಗೂ ನನ್ನದೇ ರುಜು.